ಪ್ಲಾಸ್ಟಿಕ್ ತ್ಯಾಜ್ಯದ ಕಾಂಕ್ರೀಟ್

ಬಳಸಿ ಬಿಸಾಡಿದ ಪ್ಲಾಸ್ಟಿಕ್ಕನ್ನು ತೊಳೆದು, ಚೂರು ಅಥವಾ ಪುಡಿ ಮಾಡಿ, ಮರಳು ಇಲ್ಲವೆ ಜಲ್ಲಿಯ ಒಂದು ಪಾಲಿಗೆ ಬದಲಾಗಿ ಬೆರೆಸಿದ ಕಾಂಕ್ರೀಟ್. ಎಳೆಗಳಾಗಿ ಸೇರಿಸುವುದೂ ಉಂಟು. ನೀರಿನ ಬಾಟಲಿಯ ಪೆಟ್, ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಮೇಲೆ ಹೆಚ್ಚು ಪ್ರಯೋಗಗಳು ನಡೆದಿವೆ.

ತೊಡಕಿರುವುದು ಬೆಸುಗೆಯಲ್ಲಿ. ಪ್ಲಾಸ್ಟಿಕ್ಕಿನ ನುಣುಪು ಮೈಗೆ ನೀರು ಹತ್ತುವುದಿಲ್ಲ. ಸಿಮೆಂಟ್ ಪಾಕ ಕಚ್ಚಿಕೊಳ್ಳದೆ ಚೂರಿನ ಸುತ್ತ ಸಡಿಲ ಪದರ ಉಳಿಯುತ್ತದೆ. ಭಾರ ಬಿದ್ದಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಜಲ್ಲಿಯ ಗಡಸುತನವೂ ಅದಕ್ಕಿಲ್ಲ. ಹೀಗಾಗಿ ಪ್ಲಾಸ್ಟಿಕ್ಕಿನ ಪಾಲು ಏರಿದಂತೆ ಒತ್ತಡ ತಾಳುವ ಬಲ ಇಳಿಯುತ್ತದೆ. ಲಾಭಗಳೂ ಇವೆ: ಮರಳು ನೀರಿಗಿಂತ ಸುಮಾರು 2.6 ಪಟ್ಟು ಭಾರವಾದರೆ ಪೆಟ್ 1.38 ಪಟ್ಟು ಮಾತ್ರ, ಆದ್ದರಿಂದ ಕಾಂಕ್ರೀಟ್ ಹಗುರವಾಗುತ್ತದೆ. ಶಾಖವೂ ನಿಧಾನವಾಗಿ ದಾಟುತ್ತದೆ.

ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯ ಮತ್ತು ಗೋವಾ ಎಂಜಿನಿಯರಿಂಗ್ ಕಾಲೇಜಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಳಿನ ಶೇ. 10ರಷ್ಟನ್ನು ಪ್ಲಾಸ್ಟಿಕ್ಕಿನಿಂದ ಬದಲಿಸಬಹುದೆಂದು ಕಂಡಿತು. ಮರಳಿನ ಗಾತ್ರ, ಆಕಾರಗಳಿಗೆ ಹೊಂದುವಂತೆ ಅರೆದ ಪೆಟ್ ಬಾಟಲಿಯ ಪುಡಿಯೇ ಅದರಲ್ಲಿ ಮೇಲಾಯಿತು.

ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಹಾರುಬೂದಿಯೂ ಒಂದು ಕಸವೇ. ಆದರೆ ಸಿಮೆಂಟ್ ಗಟ್ಟಿಯಾಗುವಾಗ ಬಿಡುವ ಸುಣ್ಣದೊಡನೆ ಅದು ಕೂಡಿ ತಾನೂ ಅಂಟಾಗುತ್ತದೆ. ಪೊಝೋಲಾನಾ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಅದಕ್ಕೆ ಅವಕಾಶವಿದೆ. ಪ್ಲಾಸ್ಟಿಕ್ ಹಾಗೆ ಬೆರೆಯುವುದಿಲ್ಲ, ಜಾಗ ತುಂಬುತ್ತದೆ ಅಷ್ಟೆ.

ಡಾಂಬರಿನಲ್ಲಿ ಕಥೆ ಬೇರೆ. ಕಾದ ಜಲ್ಲಿಯ ಮೇಲೆ ಉದುರಿಸಿದ ಚೂರು ಕರಗಿ ಲೇಪವಾಗುತ್ತದೆ, ಅದರ ಮೇಲೆ ಡಾಂಬರು ಚೆನ್ನಾಗಿ ಹಿಡಿಯುತ್ತದೆ. ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಆರ್. ವಾಸುದೇವನ್ (2018ರ ಪದ್ಮಶ್ರೀ) ಬೆಳೆಸಿದ ವಿಧಾನವಿದು. ಬೆಂಗಳೂರಿನಲ್ಲಿ ಕೆ.ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಅಹಮದ್ ಖಾನ್ ಡಾಂಬರಿಗೇ ಪ್ಲಾಸ್ಟಿಕ್ ಬೆರೆಸಿ ರಸ್ತೆ ಹಾಕಿಸಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು. ತಮಿಳುನಾಡು 2019ರ ಜನವರಿ 1ರಿಂದ ಕೆಲವು ಬಗೆಯ ಬಿಸಾಡುವ ಪ್ಲಾಸ್ಟಿಕ್ ನಿಷೇಧಿಸಿದರೂ ಹಳೆಯ ರಾಶಿಗೆ ದಾರಿ ಬೇಕಿತ್ತು. ರಸ್ತೆ ಆ ದಾರಿಗಳಲ್ಲೊಂದು.

ಬೆಂಕಿಯ ವಿಷಯದಲ್ಲಿ ಎಚ್ಚರ ಅಗತ್ಯ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸುರಂಗದ ಕಾಂಕ್ರೀಟಿನಲ್ಲಿ ಇದೇ ಗುಣ ವರವಾಗಿದೆ: ತೆಳು ಎಳೆಗಳು ಕರಗಿ ಒಳಗಿನ ಹಬೆಗೆ ದಾರಿ ಬಿಡುವುದರಿಂದ ಗೋಡೆ ಸಿಡಿಯುವುದಿಲ್ಲ. ಶೇ. 10, 20ರಷ್ಟು ಚೂರು ತುಂಬಿದಲ್ಲಿ ಮಾತ್ರ ಕರಗಿದ ಜಾಗ ಪೊಳ್ಳಾಗುತ್ತದೆ.

ಮನೆಯ ಕಂಬ, ತೊಲೆ, ತಾರಸಿಗೆ ಪ್ಲಾಸ್ಟಿಕ್ ಬೆರೆಸಿದ ಕಾಂಕ್ರೀಟ್ ಬಳಸುವುದು ಸಲ್ಲದು. ನೆಲಹಾಸಿನ ಇಂಟರ್‌ಲಾಕ್ ಕಲ್ಲು, ರಸ್ತೆಯಂಚಿನ ಕಲ್ಲು, ಭಾರ ಹೊರದ ಗೋಡೆಯ ಬ್ಲಾಕ್‌ಗಳಿಗೆ ಅಡ್ಡಿಯಿಲ್ಲ. ಕಾಂಕ್ರೀಟಿನ ಮರಳು, ಜಲ್ಲಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 383 (2016) ಲೋಹದ ಕಿಟ್ಟಕ್ಕೂ ಕೆಡವಿದ ಕಟ್ಟಡದ ಕಾಂಕ್ರೀಟಿಗೂ ಜಾಗ ಕೊಟ್ಟಿದೆ, ಪ್ಲಾಸ್ಟಿಕ್ಕಿಗೆ ಕೊಟ್ಟಿಲ್ಲ.