ಕೆನ್ನೆ ಬತ್ತಿಸಿದ ಮಾತ್ರೆ

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ (ವೈರಸ್ ತಡೆಯುವ ಔಷಧಿಗಳ) ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಆಗ ಬಹಳಷ್ಟು ಜನರಿಗೆ ಸಿಕ್ಕಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಮಾತ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಹಾಸಿಗೆ ಹಿಡಿದವರು ಕೆಲವೇ ತಿಂಗಳಲ್ಲಿ ಎದ್ದು ಹೊಲಕ್ಕೆ, ಕೂಲಿಗೆ ಹೋದರು. ಆ ಮಾತ್ರೆ ಉಳಿಸಿದ ಜೀವಗಳನ್ನು ಮರೆತು ಅದರ ಅಡ್ಡಪರಿಣಾಮದ ಬಗ್ಗೆ ಮಾತಾಡುವುದು ಸರಿಯಲ್ಲ.

ಸ್ಟಾವುಡಿನ್ ಆಯ್ಕೆಯಾದದ್ದು ಮುಖ್ಯವಾಗಿ ಬೆಲೆಯಿಂದ. ಪಶ್ಚಿಮದ ದೇಶಗಳಲ್ಲಿ ಒಬ್ಬ ರೋಗಿಯ ಒಂದು ವರ್ಷದ ಔಷಧಿಗೆ 10 ಸಾವಿರ ಡಾಲರ್‌ಗೂ ಹೆಚ್ಚು ಖರ್ಚಾಗುತ್ತಿದ್ದ ಕಾಲದಲ್ಲಿ, 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಈ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುವುದಾಗಿ ಹೇಳಿತು. ಇನ್ನೊಂದು ಕಾರಣ ರಕ್ತಹೀನತೆ. 1987ರಲ್ಲಿ ಮೊದಲ ಎಚ್‌ಐವಿ ಔಷಧಿಯಾಗಿ ಮಂಜೂರಾದ ಜಿಡೊವುಡಿನ್ ಮೂಳೆಮಜ್ಜೆಯನ್ನು ಕುಗ್ಗಿಸುತ್ತದೆ. ಹಿಮೋಗ್ಲೋಬಿನ್ ತೀರಾ ಕಡಿಮೆ ಇದ್ದವರಿಗೆ ಅದನ್ನು ಕೊಡುವಂತಿರಲಿಲ್ಲ. ರಕ್ತಹೀನತೆ ಮನೆಮನೆಯಲ್ಲೂ ಇರುವ ನಾಡಿನಲ್ಲಿ, ಅದರಲ್ಲೂ ಹೆಂಗಸರಿಗೆ, ಉಳಿದದ್ದು ಸ್ಟಾವುಡಿನ್ ದಾರಿ. ಶ್ರೀಮಂತ ದೇಶಗಳ ವೈದ್ಯರು ಆ ಹೊತ್ತಿಗಾಗಲೇ ಅದನ್ನು ಕೈಬಿಡತೊಡಗಿದ್ದರು.

ಸ್ಟಾವುಡಿನ್ ವೈರಸ್ಸಿನ ಬೆಳವಣಿಗೆಯನ್ನು ತಡೆಯುವ ಜೊತೆಗೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳ ಡಿಎನ್‌ಎ ನಕಲಾಗುವುದನ್ನೂ ತಡೆಯುತ್ತಿತ್ತು. ಹಾನಿ ತಕ್ಷಣ ಕಾಣುತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಅಂಗಾಲು ಉರಿ, ಜೋಮು. ಕೆಲವರಿಗೆ ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ಆಮೇಲೆ ಚರ್ಮದಡಿಯ ಕೊಬ್ಬು ಕರಗಿ ಕೆನ್ನೆ ಗುಳಿಬೀಳುತ್ತಿತ್ತು, ಕೈಕಾಲು ಕಡ್ಡಿಯಾಗಿ ರಕ್ತನಾಳಗಳು ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಸಾವು ಬಂದದ್ದೂ ಉಂಟು, ಅಂಥವರ ಸಂಖ್ಯೆ ಕಡಿಮೆ.

ಇವುಗಳಲ್ಲಿ ಮುಖದ ಬದಲಾವಣೆಯ ನೋವೇ ಬೇರೆ. ರಕ್ತ ಪರೀಕ್ಷೆಯಲ್ಲಿ ಆರೋಗ್ಯ ಸುಧಾರಿಸಿ ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ಏರಿದ್ದರೂ, ಊರಿನವರ ಕಣ್ಣಿಗೆ ರೋಗ ಮುಖದಲ್ಲೇ ಬರೆದಂತಿರುತ್ತಿತ್ತು. ಮನೆಯವರಿಗೂ ಹೇಳದೆ ಮುಚ್ಚಿಟ್ಟ ಗುಟ್ಟು ಹೀಗೆ ಬಯಲಾಗುವ ಭಯದಿಂದ ಮಾತ್ರೆ ಬಿಟ್ಟರೆ ವೈರಸ್ ಮತ್ತೆ ತಲೆ ಎತ್ತುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಆದ್ದರಿಂದ ಕೆನ್ನೆ ಬತ್ತುವುದನ್ನು ಬರೀ ಅಂದಚಂದದ ಪ್ರಶ್ನೆ ಎಂದು ಎಣಿಸಿದ್ದು ದೊಡ್ಡ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡಿನ್‌ನಿಂದ ದೂರ ಸರಿಯಬೇಕೆಂದು 2006ರಲ್ಲಿ ಸೂಚಿಸಿತು. 2007ರಲ್ಲಿ ತೂಕ ಎಷ್ಟೇ ಇದ್ದರೂ ವಯಸ್ಕರಿಗೆ 30 ಮಿಲಿಗ್ರಾಂ ಸಾಕು ಎಂದಿತು. 2009ರಲ್ಲಿ ಹಂತಹಂತವಾಗಿ ಪೂರ್ತಿ ಬಿಡುವಂತೆ ಹೇಳಿತು. ಭಾರತದಲ್ಲಿ ಅದು ಮರೆಯಾದದ್ದು ಮುಂದಿನ ದಶಕದಲ್ಲಿ. ಔಷಧಿ ಬದಲಾಯಿಸಿದ ಮೇಲೆ ಕೊಬ್ಬು ನಿಧಾನವಾಗಿ, ಅದೂ ಅರೆಬರೆ ಮರಳಿತು. ಕಾಲಿನ ಉರಿ ಹಲವರಲ್ಲಿ ಉಳಿದೇ ಹೋಯಿತು.

ಸ್ಟಾವುಡಿನ್ ಜಾಗಕ್ಕೆ ಟೆನೊಫೊವಿರ್ ಬಂತು, ಜೊತೆಗೆ ಎಫವಿರೆಂಜ್. ಎಫವಿರೆಂಜ್ ತಲೆಸುತ್ತು, ವಿಚಿತ್ರ ಕನಸು ತರುತ್ತಿದ್ದ ಕಾರಣ ಮಲಗುವ ಹೊತ್ತಿಗೆ ನುಂಗಬೇಕಿತ್ತು. ಈಗ ಅದರ ಬದಲು ಡೊಲುಟೆಗ್ರಾವಿರ್ ಇದೆ. 2018ರಲ್ಲಿ ಬೋಟ್ಸ್ವಾನಾದ ಅಧ್ಯಯನವೊಂದು ಇದರಿಂದ ಗರ್ಭದ ಶಿಶುವಿನ ನರನಾಳಕ್ಕೆ (ಮುಂದೆ ಮೆದುಳು, ಬೆನ್ನುಹುರಿಯಾಗುವ ಭಾಗಕ್ಕೆ) ತೊಂದರೆಯಿರಬಹುದೆಂಬ ಆತಂಕ ಎಬ್ಬಿಸಿತ್ತು. ಹೆಚ್ಚು ಹೆರಿಗೆಗಳ ವಿವರ ಸೇರುತ್ತಿದ್ದಂತೆ ಆತಂಕ ತಗ್ಗಿ, 2019ರಲ್ಲಿ ಅದು ಎಲ್ಲರಿಗೂ ಶಿಫಾರಸಾಯಿತು. ದಿನಕ್ಕೊಂದೇ ಮಾತ್ರೆ. ತೂಕ ಏರುವುದು ಇದರ ಮುಖ್ಯ ದೂರು. ಟೆನೊಫೊವಿರ್ ಮೂತ್ರಪಿಂಡಕ್ಕೂ ಮೂಳೆಗೂ ತೊಂದರೆ ಕೊಡಬಹುದಾದ್ದರಿಂದ ಎಆರ್‌ಟಿ ಕೇಂದ್ರಗಳಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮುಂದುವರಿದಿದೆ.