ಪಂಪಿಲ್ಲದ ರಿಫೈನರಿ: ಎಂಆರ್‌ಪಿಎಲ್ ನಡೆದು ಬಂದ ದಾರಿ

ಕರ್ನಾಟಕದಲ್ಲಿರುವುದು ಒಂದೇ ತೈಲ ಶುದ್ಧೀಕರಣಾಗಾರ. ಮಂಗಳೂರಿನ ಉತ್ತರಕ್ಕೆ, ಸುರತ್ಕಲ್‌ನಿಂದ ಒಳಗೆ ಕಾಟಿಪಳ್ಳ ದಾಟಿದರೆ ಸಿಗುವ ಕುತ್ತೆತ್ತೂರಿನ ಗುಡ್ಡಗಳ ಮೇಲೆ ಅದು ಹರಡಿಕೊಂಡಿದೆ. ಕಾಗದಪತ್ರದಲ್ಲಿ ಅದು ಮಂಗಳೂರು ರಿಫೈನರಿ ಆ್ಯಂಡ್ ಪೆಟ್ರೋಕೆಮಿಕಲ್ಸ್ ಲಿಮಿಟೆಡ್. ಊರವರ ಬಾಯಲ್ಲಿ ಬರೀ ಎಂಆರ್‌ಪಿಎಲ್. 1988ರ ಮಾರ್ಚ್ 7ರಂದು ನೋಂದಣಿಯಾದ ಈ ಕಂಪನಿ ಖಾಸಗಿ ಮತ್ತು ಸರ್ಕಾರಿ ಪಾಲುದಾರಿಕೆಯಲ್ಲಿ ಹುಟ್ಟಿ, ಸಾಲದಲ್ಲಿ ಮುಳುಗುವ ಹಂತ ಮುಟ್ಟಿ, ಕೊನೆಗೆ ಸಾರ್ವಜನಿಕ ವಲಯದ ತೆಕ್ಕೆಗೆ ಬಂದು ಚೇತರಿಸಿಕೊಂಡಿತು. ಈಗ ತನ್ನದೇ ಹೆಸರಿನ ಪೆಟ್ರೋಲ್ ಪಂಪುಗಳನ್ನು ತೆರೆಯುತ್ತಿದೆ.

ಈ ಏಳುಬೀಳಿಗೆ ಕಾರಣವನ್ನು ರಿಫೈನರಿಯ ಗೋಪುರಗಳೊಳಗೆ ಹುಡುಕಿದರೆ ಹೆಚ್ಚೇನೂ ಸಿಗದು. ಗೇಟಿನ ಒಳಗೆ ಏನು ಬರುತ್ತದೆ, ಹೊರಗೆ ಹೋದದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಎರಡು ಪ್ರಶ್ನೆಗಳೇ ಈ ಸಂಸ್ಥೆಯ ಭವಿಷ್ಯವನ್ನು ಮತ್ತೆ ಮತ್ತೆ ತೀರ್ಮಾನಿಸಿವೆ.

ಬಂದರಿನ ಬೆನ್ನಿಗೆ

ಮುಂಬೈ, ಕೊಚ್ಚಿ, ಮದ್ರಾಸುಗಳಲ್ಲಿ ರಿಫೈನರಿಗಳು ಎದ್ದು ದಶಕಗಳಾಗಿದ್ದರೂ ಕರ್ನಾಟಕಕ್ಕೆ ಆ ಭಾಗ್ಯ ಬಂದಿರಲಿಲ್ಲ. ಕಚ್ಚಾತೈಲ ಹಡಗಿನಲ್ಲಿ ಬರಬೇಕು, ಹಡಗಿಗೆ ಆಳದ ಬಂದರು ಬೇಕು. 1975ರ ಜನವರಿಯಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲಷ್ಟೇ ಆ ಯೋಚನೆಗೆ ನೆಲೆ ಸಿಕ್ಕಿತು. ಬಂದರಿಗಾಗಿ ಮನೆ ಕಳೆದುಕೊಂಡವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸ ಬದುಕು ಕಟ್ಟಿಕೊಳ್ಳುತ್ತಿದ್ದರು. ಮುಂದಿನ ದೊಡ್ಡ ಯೋಜನೆ ಬಂದದ್ದೂ ಅವರ ನೆರೆಗೇ.

ಕಂಪನಿಯ ಒಂದು ಕಡೆ ಹಿಂದೂಸ್ತಾನ್ ಪೆಟ್ರೋಲಿಯಂ ಇತ್ತು. 1974ರಲ್ಲಿ ರಾಷ್ಟ್ರೀಕರಣಗೊಂಡ ಎಸ್ಸೋದಿಂದ ರೂಪುಗೊಂಡು, ಆಮೇಲೆ ಕ್ಯಾಲ್‌ಟೆಕ್ಸನ್ನೂ ಒಳಗೊಂಡ ಸಂಸ್ಥೆ ಅದು. ಇನ್ನೊಂದು ಕಡೆ ಇಂಡಿಯನ್ ರೇಯಾನ್ ಮುಂತಾದ ಕಂಪನಿಗಳ ಮೂಲಕ ಆದಿತ್ಯ ಬಿರ್ಲಾ ಸಮೂಹ. ಉದಾರೀಕರಣಕ್ಕೆ ಇನ್ನೂ ಮೂರು ವರ್ಷ ಇದ್ದ ಕಾಲದಲ್ಲಿ ತೈಲದಂಥ ಕ್ಷೇತ್ರಕ್ಕೆ ಖಾಸಗಿ ಬಂಡವಾಳ ಕಾಲಿಟ್ಟದ್ದು ಸಣ್ಣ ಸಂಗತಿಯಲ್ಲ. ಯೋಜನೆಯ ಬೆನ್ನಿಗೆ ನಿಂತಿದ್ದ ಆದಿತ್ಯ ವಿಕ್ರಮ್ ಬಿರ್ಲಾ 1995ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆರು ತಿಂಗಳೊಳಗೆ, 1996ರ ಮಾರ್ಚಿನಲ್ಲಿ, ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದ ರಿಫೈನರಿ ಕೆಲಸ ಆರಂಭಿಸಿತು.

ರಿಫೈನರಿಯ ವಿನ್ಯಾಸದಲ್ಲಿ ದೂರದೃಷ್ಟಿ ಇತ್ತು. ಭಾರತದ ಲಾರಿ, ಬಸ್ಸು, ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳು ಡೀಸೆಲ್ ಕುಡಿದೇ ಓಡುತ್ತವೆ. ಹಾಗಾಗಿ ಭಾರದ ಎಣ್ಣೆಯನ್ನು ಜಲಜನಕದ ಜತೆ ಭಾರೀ ಒತ್ತಡದಲ್ಲಿ ಒಡೆದು ಒಳ್ಳೆಯ ಡೀಸೆಲ್ ಮಾಡುವ ಹೈಡ್ರೋಕ್ರ್ಯಾಕರ್ ಘಟಕವನ್ನು ಇಲ್ಲಿ ಕಟ್ಟಿದರು. ವಿಸ್ತರಣೆಯಲ್ಲಿ ಎರಡನೆಯದೂ ಬಂತು.

ಖಾತರಿ ಹೋದ ಮೇಲೆ

ಆಗಿನ ಪದ್ಧತಿ ಇಂದಿನವರಿಗೆ ವಿಚಿತ್ರವಾಗಿ ಕಂಡೀತು. ಕಚ್ಚಾತೈಲದಿಂದ ಹಿಡಿದು ಸೀಮೆಎಣ್ಣೆಯ ತನಕ ಎಲ್ಲಕ್ಕೂ ಸರ್ಕಾರವೇ ಬೆಲೆ ಕಟ್ಟುತ್ತಿತ್ತು. ರಿಫೈನರಿಗೆ ಹಾಕಿದ ಬಂಡವಾಳಕ್ಕೆ ಇಷ್ಟು ಪ್ರತಿಫಲ ಎಂಬುದೂ ಮೊದಲೇ ಗೊತ್ತಿರುತ್ತಿತ್ತು. ಎಂಆರ್‌ಪಿಎಲ್ ತಯಾರಿಸಿದ್ದನ್ನು ಮಾರುವ ಹೊಣೆ ಹಿಂದೂಸ್ತಾನ್ ಪೆಟ್ರೋಲಿಯಂನದು. ಹಗಲಿರುಳು ಒಲೆ ಉರಿಯುವ ದೊಡ್ಡ ಅಡುಗೆಮನೆ ನಮ್ಮದು, ಬಡಿಸುವ ಪಂಕ್ತಿ ಮಾತ್ರ ಬೇರೆಯವರದು ಎಂಬಂಥ ಸ್ಥಿತಿ.

ಖಾತರಿ ಇರುವವರೆಗೆ ಇದರಿಂದ ತೊಂದರೆಯಾಗಲಿಲ್ಲ. ಆದರೆ 1998ರ ಏಪ್ರಿಲಿನಿಂದ ರಿಫೈನರಿಗಳ ಮೇಲಿನ ಬೆಲೆ ನಿಯಂತ್ರಣ ಹೋಯಿತು, ಅದರೊಂದಿಗೆ ಖಾತರಿಯೂ ಹೋಯಿತು. ಮರುವರ್ಷವೇ ಎಂಆರ್‌ಪಿಎಲ್ ತನ್ನ ಸಾಮರ್ಥ್ಯವನ್ನು ಮೂರು ಪಟ್ಟಿಗೂ ಹೆಚ್ಚು ಏರಿಸಿ 96.9 ಲಕ್ಷ ಟನ್ನಿಗೆ ಒಯ್ದಿತು. ವಿಸ್ತರಣೆಗೆ ಎತ್ತಿದ ಸಾಲದ ಬಡ್ಡಿ ಬೆಳೆಯುತ್ತಿದ್ದ ಹೊತ್ತಿಗೇ ಗುಜರಾತಿನ ಜಾಮ್‌ನಗರದಲ್ಲಿ ರಿಲಯನ್ಸ್‌ನ ಬೃಹತ್ ರಿಫೈನರಿ ಶುರುವಾಯಿತು. ಡೀಸೆಲ್‌ಗಾಗಿ ಹೊರದೇಶದ ಕಡೆ ನೋಡುತ್ತಿದ್ದ ನಾಡಿನಲ್ಲಿ ಸರಕು ಮಿಕ್ಕತೊಡಗಿತು. ಮಿಕ್ಕಾಗ ಮೊದಲು ಪೆಟ್ಟು ಬೀಳುವುದು ಸ್ವಂತ ಪಂಪಿಲ್ಲದವರಿಗೆ. ಕಚ್ಚಾತೈಲದ ಬೆಲೆಗೂ ಸಂಸ್ಕರಿಸಿದ ಸರಕಿನ ಬೆಲೆಗೂ ನಡುವಿನ ಅಂತರವೂ ಕುಗ್ಗಿತು. ನಷ್ಟದ ಮೇಲೆ ನಷ್ಟ ಕೂಡಿತು.

ಎರಡು ರೂಪಾಯಿಯ ಷೇರು

ಕೈಹಿಡಿದದ್ದು ಸಾರ್ವಜನಿಕ ವಲಯದ ಒಎನ್‌ಜಿಸಿ. ಅಲ್ಲಿಯವರೆಗೆ ಅದರ ಮುಖ್ಯ ಕೆಲಸ ನೆಲದಡಿಯ, ಕಡಲಡಿಯ ತೈಲವನ್ನು ಹುಡುಕಿ ತೆಗೆಯುವುದು. ಇಂಡಿಯನ್ ಆಯಿಲ್‌ನಿಂದ ಬಂದು ಅದರ ಅಧ್ಯಕ್ಷರಾಗಿದ್ದ ಸುಬೀರ್ ರಾಹಾ ಅವರಿಗೆ ತೈಲ ತೆಗೆಯುವುದರಿಂದ ಮಾರುವವರೆಗಿನ ಸರಪಳಿ ಒಂದೇ ಕೈಯಲ್ಲಿರಬೇಕು ಎಂಬ ಹಂಬಲ. 2003ರ ಮಾರ್ಚ್ ಕೊನೆಯಲ್ಲಿ ಒಎನ್‌ಜಿಸಿ ಬಿರ್ಲಾ ಸಮೂಹದ ಶೇ 37.39 ಪಾಲನ್ನು ಪೂರ್ತಿ ಕೊಂಡಿತು. ಮುಖಬೆಲೆ 10 ರೂಪಾಯಿಯ ಷೇರಿಗೆ ಕೊಟ್ಟದ್ದು 2 ರೂಪಾಯಿ, ಒಟ್ಟು 60 ಕೋಟಿಗೂ ಕಡಿಮೆ. ಜತೆಗೆ 600 ಕೋಟಿ ರೂಪಾಯಿ ಹೊಸ ಬಂಡವಾಳ ಹಾಕಿತು. ಸಾಲ ಕೊಟ್ಟವರೂ ಮಣಿದು, ಸಾಲದ ಒಂದು ಭಾಗವನ್ನು ಷೇರಾಗಿ ಪರಿವರ್ತಿಸಿಕೊಂಡರು. ಒಂದೇ ವರ್ಷದಲ್ಲಿ ಕಂಪನಿ ಲಾಭದ ಹಾದಿಗೆ ಬಂತು.

ರಿಫೈನರಿ ಅದೇ, ಕೆಲಸಗಾರರೂ ಅವರೇ. ಬದಲಾದದ್ದು ಸಾಲದ ಹೊರೆ, ಮಾರುಕಟ್ಟೆ ಮತ್ತು ಹಿಂದೆ ನಿಂತ ಹೆಸರು. 2007ರಲ್ಲಿ ಮಿನಿರತ್ನ ಪಟ್ಟವೂ ಸಿಕ್ಕಿತು. ಮಾರಿಷಸ್ ದ್ವೀಪಕ್ಕೆ ಬೇಕಾದ ಪೆಟ್ರೋಲಿಯಂ ಸರಕು ಹಲವು ವರ್ಷ ಪಣಂಬೂರಿನಿಂದಲೇ ಹೋಗುತ್ತಿತ್ತು. 2018ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಕೂಡ ಒಎನ್‌ಜಿಸಿಯ ಅಧೀನಕ್ಕೆ ಬಂದು, ಹಳೆಯ ಪಾಲುದಾರರು ಒಂದೇ ಸೂರಿನಡಿ ಸೇರಿದರು.

ಘಾಟಿ ಹತ್ತಿದ ಡೀಸೆಲ್

ರಿಫೈನರಿ ಕರಾವಳಿಯಲ್ಲಿದೆ, ದೊಡ್ಡ ಗಿರಾಕಿ ಬೆಂಗಳೂರು ಘಟ್ಟದ ಮೇಲಿದೆ. ಸುಬ್ರಹ್ಮಣ್ಯ–ಸಕಲೇಶಪುರ ರೈಲು ಮಾರ್ಗ ಗೇಜ್ ಪರಿವರ್ತನೆಗೆಂದು ವರ್ಷಗಟ್ಟಲೆ ಮುಚ್ಚಿತ್ತು. ಉಳಿದದ್ದು ಶಿರಾಡಿ ಘಾಟಿ, ಅದರ ತಿರುವುಗಳಲ್ಲಿ ಏದುಸಿರು ಬಿಡುತ್ತ ಏರುವ ಟ್ಯಾಂಕರುಗಳ ಸಾಲು. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಕೊಳವೆಮಾರ್ಗ ಸಿದ್ಧವಾದಾಗ ಈ ಸಮಸ್ಯೆಗೆ ನಿಜವಾದ ಪರಿಹಾರ ಸಿಕ್ಕಿತು. ಉದ್ದ 364 ಕಿಲೋಮೀಟರ್. ಘಟ್ಟದ ಬುಡದ ನೆರಿಯದಲ್ಲಿ ಮತ್ತೊಮ್ಮೆ ಒತ್ತಡ ಕೊಟ್ಟು ಮೇಲಕ್ಕೆ ತಳ್ಳಿದ ಇಂಧನ ಹಾಸನ ದಾಟಿ ಬೆಂಗಳೂರು ಹೊರವಲಯದ ದೇವನಗೊಂದಿ ಸೇರುತ್ತದೆ.

ಇಲ್ಲಿ ಪೆಟ್ರೋಲಿಗೊಂದು, ಡೀಸೆಲ್‌ಗೊಂದು ಎಂದು ಬೇರೆ ಬೇರೆ ಕೊಳವೆಗಳಿಲ್ಲ. ಒಂದೇ ಕೊಳವೆಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಹರಿಯುತ್ತದೆ, ನಡುವೆ ಗೋಡೆಯೂ ಇಲ್ಲ. ಎರಡೂ ಸೇರುವ ಜಾಗದಲ್ಲಿ ಒಂದಷ್ಟು ಬೆರಕೆಯಾಗುತ್ತದೆ. ಪೆಟ್ರೋಲು ಹಗುರ, ಡೀಸೆಲ್ ಭಾರ. ಆದ್ದರಿಂದ ಪೆಟ್ರೋಲಿನ ಬೆನ್ನಿಗೆ ಡೀಸೆಲ್ ಬರುವಾಗ ಸಾಂದ್ರತೆಯ ಅಂಕಿ ಏರತೊಡಗಿದ್ದೇ ತಡ, ಟರ್ಮಿನಲ್‌ನವರು ವಾಲ್ವ್ ತಿರುಗಿಸಿ ಆ ಬೆರಕೆ ಭಾಗವನ್ನು ಬೇರೆ ಟ್ಯಾಂಕಿಗೆ ಬಿಡುತ್ತಾರೆ. ಅಂಕಿ ಸ್ಥಿರವಾದ ಮೇಲೆ ಬಂದದ್ದು ಡೀಸೆಲ್ ಟ್ಯಾಂಕಿಗೆ. ಸ್ವಲ್ಪ ಮೈಮರೆತರೆ ಇಡೀ ಟ್ಯಾಂಕಿನ ಸರಕು ಕೆಡುತ್ತದೆ.

ಎಣ್ಣೆಗಿಂತ ಮೊದಲು ನೀರು

2012ರ ಹೊತ್ತಿಗೆ ರಿಫೈನರಿಯ ಸಾಮರ್ಥ್ಯ 1.5 ಕೋಟಿ ಟನ್ನಿಗೆ ಏರಿತು. ಅದೇ ವರ್ಷಗಳಲ್ಲಿ ಗೇಟಿನ ಒಳಗೆ ಬರುವುದರ ಪ್ರಶ್ನೆಗಳೂ ಬಿಗಿಯಾದವು. ಎಂಆರ್‌ಪಿಎಲ್ ಇರಾನಿನ ತೈಲದ ದೊಡ್ಡ ಗಿರಾಕಿಯಾಗಿತ್ತು. ಪಾಶ್ಚಾತ್ಯ ದೇಶಗಳ ನಿರ್ಬಂಧದಿಂದ ವಿಮೆಯ ತೊಡಕು ಎದ್ದು, 2013ರಲ್ಲಿ ಕೆಲವು ತಿಂಗಳು ಆ ತೈಲವನ್ನೇ ಬಿಡಬೇಕಾಯಿತು. ವಾಷಿಂಗ್ಟನ್ನಿನ ಒಂದು ಸಹಿ ಕುತ್ತೆತ್ತೂರಿನ ಲೆಕ್ಕಾಚಾರವನ್ನು ತಲೆಕೆಳಗು ಮಾಡಬಲ್ಲದು ಎಂಬುದು ಆಗ ಅರ್ಥವಾಯಿತು.

ನೀರಿನ ಪಾಠ ಇನ್ನೂ ಹತ್ತಿರದ್ದು. ಮಳೆಗೆ ಹೆಸರಾದ ಜಿಲ್ಲೆಯಲ್ಲಿದ್ದರೂ 2016ರ ಬೇಸಿಗೆಯಲ್ಲಿ ನೀರಿನ ಮೂಲವಾದ ನೇತ್ರಾವತಿ ನದಿ ಬತ್ತಿ ರಿಫೈನರಿಯ ಘಟಕಗಳನ್ನು ನಿಲ್ಲಿಸಬೇಕಾಯಿತು. 2019ರಲ್ಲೂ ಅದೇ ಪಾಡು. ಊರಿಗೆ ಕುಡಿಯಲು ನೀರಿಲ್ಲದಾಗ ಕಾರ್ಖಾನೆಗೆ ನದಿಯ ಪಾಲು ಕೊಡುವುದು ನ್ಯಾಯವೂ ಅಲ್ಲ. ನಗರದ ಶುದ್ಧೀಕರಿಸಿದ ಕೊಳಚೆ ನೀರಿನ ಬಳಕೆ, ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ, ಇವೆಲ್ಲ ನೀರಿನ ಕೊರತೆ ಕಲಿಸಿದ ಬುದ್ಧಿ.

ಜಾಗದ ವಿಷಯವನ್ನು ಬಿಟ್ಟರೆ ಈ ಚರಿತ್ರೆ ಅರೆಬರೆಯಾದೀತು. ಬಾಳ, ಕಳವಾರು, ಕುತ್ತೆತ್ತೂರು, ಪೆರ್ಮುದೆ ಸುತ್ತಿನ ಗದ್ದೆ, ತೋಟಗಳನ್ನು ಬಿಟ್ಟುಕೊಟ್ಟವರಲ್ಲಿ ಹಲವರು ಚೇಳಾಯರಿನಂಥ ಪುನರ್ವಸತಿ ಕಾಲೊನಿ ಸೇರಿದರು. ವಿಶೇಷ ಆರ್ಥಿಕ ವಲಯಕ್ಕೆಂದು ಇನ್ನೂ 2,000 ಎಕರೆಗೂ ಹೆಚ್ಚು ಜಾಗ ಕೇಳಿದಾಗ ರೈತರು ಒಗ್ಗಟ್ಟಾಗಿ ತಡೆದರು. ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರೂ ಅವರ ಪರ ದನಿ ಎತ್ತಿದರು. 2011ರಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಭಾರದ ಉಳಿಕೆ ಎಣ್ಣೆಯಿಂದ ಕೋಕ್ ಮಾಡುವ ಕೋಕರ್ ಘಟಕ ಶುರುವಾದ ಬಳಿಕ ಮನೆ, ಬಾವಿಗಳ ಮೇಲೆ ಕಪ್ಪು ಹುಡಿ ಬೀಳುತ್ತಿದೆ ಎಂದು ಪಕ್ಕದ ಜೋಕಟ್ಟೆಯವರು ವರ್ಷಗಟ್ಟಲೆ ಹೋರಾಡಿದರು. ಲಾಭದ ಅಂಕಿಗಳ ಪಕ್ಕದಲ್ಲೇ ಇವೂ ದಾಖಲಾಗಬೇಕು.

ಕೊನೆಗೂ ಸ್ವಂತ ಪಂಪು

2002ರ ಏಪ್ರಿಲಿನಲ್ಲಿ ಬೆಲೆ ನಿಯಂತ್ರಣ ಪೂರ್ತಿ ತೊಲಗಿ, ತೈಲ ಕ್ಷೇತ್ರದಲ್ಲಿ 2,000 ಕೋಟಿ ರೂಪಾಯಿ ಹೂಡಿದವರಿಗೆ ಪಂಪು ತೆರೆಯುವ ಹಕ್ಕು ಸಿಕ್ಕಿತು. ಹಕ್ಕೇನೋ ಸಿಕ್ಕಿತು, ವ್ಯಾಪಾರ ಕುದುರಲಿಲ್ಲ. ಸರ್ಕಾರಿ ಮಾರಾಟ ಕಂಪನಿಗಳು ನಷ್ಟದ ಬೆಲೆಗೆ ಮಾರಿದರೆ ಸರ್ಕಾರ ಅದನ್ನು ತುಂಬಿಕೊಡುತ್ತಿತ್ತು, ಹೊಸಬರಿಗೆ ಆ ಸೌಲಭ್ಯ ಇರಲಿಲ್ಲ. ರಿಲಯನ್ಸ್‌ನಂಥದ್ದೇ 2008ರಲ್ಲಿ ತನ್ನ ಪಂಪುಗಳಿಗೆ ಬೀಗ ಹಾಕಿತು. ಪೆಟ್ರೋಲ್ ಬೆಲೆ 2010ರಲ್ಲಿ, ಡೀಸೆಲ್ ಬೆಲೆ 2014ರ ಅಕ್ಟೋಬರಿನಲ್ಲಿ ಮುಕ್ತವಾದ ಮೇಲೆಯೇ ಎಂಆರ್‌ಪಿಎಲ್‌ನ ‘ಹೈಕ್ಯೂ’ ಪಂಪುಗಳು ಕರ್ನಾಟಕ, ಕೇರಳದ ರಸ್ತೆಬದಿಗಳಲ್ಲಿ ಒಂದೊಂದಾಗಿ ಹೆಚ್ಚತೊಡಗಿದವು.

ಪಂಪಿನಲ್ಲಿ ರಿಫೈನರಿಯ ಪರೀಕ್ಷೆ ಮತ್ತೆ ನಡೆಯುತ್ತದೆ. ಟ್ಯಾಂಕರು ಬಂದೊಡನೆ ಜಾಡಿಗೆ ಒಂದಿಷ್ಟು ಎಣ್ಣೆ ತೆಗೆದು ಹೈಡ್ರೋಮೀಟರ್, ಥರ್ಮಾಮೀಟರ್ ಇಳಿಸಬೇಕು. ಬಂದ ಅಂಕಿಯನ್ನು 15 ಡಿಗ್ರಿ ಶಾಖಕ್ಕೆ ಹೊಂದಿಸಿ ಚಲನ್‌ನಲ್ಲಿರುವ ಸಾಂದ್ರತೆಯೊಡನೆ ತಾಳೆ ನೋಡಬೇಕು. ವ್ಯತ್ಯಾಸ ಮಿತಿ ಮೀರಿದರೆ ಟ್ಯಾಂಕರನ್ನು ಖಾಲಿ ಮಾಡಿಸಿಕೊಳ್ಳುವಂತಿಲ್ಲ. ಗ್ರಾಹಕ ಅನುಮಾನಪಟ್ಟು ಕೇಳಿದರೆ 5 ಲೀಟರ್ ಅಳತೆಪಾತ್ರೆಯನ್ನು ಎದುರಿಗೇ ತುಂಬಿಸಿ ತೋರಿಸಬೇಕು. ಹಿಂದೆ ಕಂಪನಿಯ ಹೆಸರು ಗೊತ್ತಿದ್ದದ್ದು ಸಗಟು ಖರೀದಿದಾರರಿಗೆ. ಈಗ ಸ್ಕೂಟರ್ ನಿಲ್ಲಿಸಿದವನೂ ಆ ಹೆಸರು ಹಿಡಿದು ಪ್ರಶ್ನಿಸಬಲ್ಲ.

2015ರಿಂದ ‘ಮಂಗ್‌ಪೋಲ್’ ಹೆಸರಿನ ಪಾಲಿಪ್ರೊಪಿಲೀನ್ ಹೊರಬರುತ್ತಿದೆ. ಅಧೀನ ಸಂಸ್ಥೆ ಒಎಂಪಿಎಲ್ (ಒಎನ್‌ಜಿಸಿ ಮಂಗಳೂರು ಪೆಟ್ರೋಕೆಮಿಕಲ್ಸ್) 2022ರಲ್ಲಿ ವಿಲೀನವಾಗಿ ಪೆಟ್ರೋಕೆಮಿಕಲ್ ಪಾಲು ಇನ್ನೂ ಹೆಚ್ಚಿತು. 2023-24ರಲ್ಲಿ ಲಾಭ 3,500 ಕೋಟಿ ರೂಪಾಯಿ ದಾಟಿತು. ಆದರೆ ಪಂಪು ಕೈಗೆ ಬಂದ ಹೊತ್ತಿಗೇ ರಸ್ತೆಯಲ್ಲಿ ವಿದ್ಯುತ್ ವಾಹನಗಳೂ ಹೆಚ್ಚುತ್ತಿವೆ. ಮಾಡಿದ ಸರಕನ್ನು ನಾಳೆ ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ 1999ರಲ್ಲಿ ಸಾಲ ಎತ್ತಿದ ಮೇಲೆ ಉತ್ತರ ಹುಡುಕಬೇಕಾಯಿತು. ಮುಂದಿನ ವಿಸ್ತರಣೆಯ ನಕ್ಷೆಗೆ ಸಹಿ ಹಾಕುವವರು ಈ ಸಲ ಅದನ್ನು ಮೊದಲೇ ಕೇಳಿಕೊಳ್ಳಲಿ, ಜತೆಗೆ ನೀರು ಎಲ್ಲಿಂದ, ಜಾಗ ಯಾರದ್ದು ಎಂಬುದನ್ನೂ.