ನಂ. 4 (ಟಿ): ಅಸಲಿ ಸ್ನೈಪರ್ ರೈಫಲಿನ ಗುರುತುಗಳು

ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಸ್ನೈಪರ್ ರೈಫಲ್ ಲೀ-ಎನ್‌ಫೀಲ್ಡ್ ನಂ. 4 ಮಾರ್ಕ್ 1 (ಟಿ) ಎರಡು ಹಂತಗಳಲ್ಲಿ ತಯಾರಾಗುತ್ತಿತ್ತು. ಕಾರ್ಖಾನೆಯಿಂದ ಬಂದ ಸಾಮಾನ್ಯ .303 ರೈಫಲ್‌ಗಳಲ್ಲಿ ಗುರಿ ಚೆನ್ನಾಗಿ ಹಿಡಿಯುವಂಥವನ್ನು ಮೊದಲು ಆರಿಸುತ್ತಿದ್ದರು. ಆಮೇಲೆ ಅವುಗಳಿಗೆ ಟೆಲಿಸ್ಕೋಪ್ ಕೂರಿಸುತ್ತಿದ್ದರು. 1942ರಿಂದ ಈ ಎರಡನೆಯ ಕೆಲಸದ ಬಹುಪಾಲನ್ನು ಮಾಡಿದ್ದು ಬೇಟೆಯ ಬಂದೂಕುಗಳಿಗೆ ಹೆಸರಾದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ. ಹೀಗೆ ಮಾರ್ಪಾಟಾದ ರೈಫಲ್‌ಗಳು 20,000ಕ್ಕೂ ಹೆಚ್ಚು. ಸಾಮಾನ್ಯ ನಂ. 4 ರೈಫಲ್‌ಗಳು ಲಕ್ಷಗಟ್ಟಲೆ ತಯಾರಾಗಿದ್ದುದರಿಂದ ಅಂಥದೊಂದಕ್ಕೆ ಟೆಲಿಸ್ಕೋಪ್ ಜೋಡಿಸಿ ಸ್ನೈಪರ್ ಎಂದು ಮಾರುವುದು ಕಷ್ಟವಲ್ಲ. ಅಸಲಿಯನ್ನು ಗುರುತಿಸಬೇಕಾದರೆ ಆ ಎರಡನೆಯ ಹಂತದ ಕುರುಹುಗಳನ್ನು ಹುಡುಕಬೇಕು.

ಮೊದಲು ನೋಡಬೇಕಾದದ್ದು ರಿಸೀವರಿನ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗದ, ಎಡಮಗ್ಗುಲು. ಟೆಲಿಸ್ಕೋಪಿನ ಬ್ರಾಕೆಟ್ ಕೂರಲು ಅಲ್ಲಿ ಮುಂದೊಂದು ಹಿಂದೊಂದು ಉಕ್ಕಿನ ದಿಮ್ಮಿಗಳನ್ನು ತಿರುಪುಗಳಿಂದ ಬಿಗಿದಿರುತ್ತಾರೆ. ಅದೇ ಮಗ್ಗುಲಲ್ಲಿ ‘ಟಿ’ ಅಕ್ಷರದ ಮುದ್ರೆಯಿರುತ್ತದೆ. ಬಿಎಸ್ಎ ಸಂಸ್ಥೆಯ ಶರ್ಲಿ ಕಾರ್ಖಾನೆಯ ಗುರುತಾದ ‘ಎಂ47ಸಿ’ ಬಹಳಷ್ಟು ರೈಫಲ್‌ಗಳಲ್ಲಿ ಕಾಣುತ್ತದೆ. ‘ಟಿಆರ್’ ಎಂಬ ಮುದ್ರೆ ಮಾರ್ಪಾಟಿಗೆ ಆಯ್ಕೆಯಾದದ್ದನ್ನು ಹೇಳುತ್ತದೆ. ಆಯ್ಕೆಯಾದವೆಲ್ಲ ಮಾರ್ಪಾಟಾಗಲಿಲ್ಲವಾದ್ದರಿಂದ ಅದೊಂದೇ ಸಾಕ್ಷಿ ಸಾಲದು.

ಮರದ ಭಾಗವೂ ಸಾಕ್ಷಿ ಹೇಳುತ್ತದೆ. ಕೆನ್ನೆ ಆನಿಸಲು ಬಟ್ಟಿನ, ಅಂದರೆ ಹೆಗಲಿಗೆ ಒತ್ತಿಹಿಡಿಯುವ ಹಿಂಬದಿಯ ಮರದ ಭಾಗದ, ಮೇಲೆ ಮರದ ತುಂಡೊಂದನ್ನು ತಿರುಪಿನಿಂದ ಕೂರಿಸಿರುತ್ತಾರೆ. ಬಟ್ಟಿನ ಅಡಿಯಲ್ಲಿರುವ ‘ಎಸ್51’ ಹಾಲೆಂಡ್ ಅಂಡ್ ಹಾಲೆಂಡಿನ ಸಂಕೇತ. ಹಿಂಬದಿಯ ಗುರಿಪಟ್ಟಿಯನ್ನು ಮಡಿಚಿದಾಗ ಮೇಲೇಳುವ ಸಣ್ಣ ರಂಧ್ರದ ಭಾಗ ಟೆಲಿಸ್ಕೋಪಿಗೆ ಅಡ್ಡಬರುತ್ತಿದ್ದುದರಿಂದ ಅದನ್ನು ಉಜ್ಜಿ ತೆಗೆಯುತ್ತಿದ್ದರು. ನಕಲಿ ಮಾಡುವವರು ಈ ಸಣ್ಣ ಕೆಲಸವನ್ನು ಮರೆಯುವುದುಂಟು.

ಎಲ್ಲಕ್ಕಿಂತ ಬಲವಾದ ಸಾಕ್ಷಿ ಸಂಖ್ಯೆಗಳ ತಾಳೆ. ಮೂರು ಪಟ್ಟು ಹಿಗ್ಗಿಸಿ ತೋರಿಸುವ ನಂ. 32 ಟೆಲಿಸ್ಕೋಪನ್ನು ಮೊದಲು ರೂಪಿಸಿದ್ದು ಬ್ರೆನ್ ಮೆಷಿನ್‌ಗನ್ನಿಗಾಗಿ. ಒಂದೊಂದು ಟೆಲಿಸ್ಕೋಪನ್ನೂ ಒಂದೊಂದು ರೈಫಲಿಗೇ ಹೊಂದಿಸುತ್ತಿದ್ದುದರಿಂದ ರೈಫಲಿನ ಸಂಖ್ಯೆಯನ್ನು ಬ್ರಾಕೆಟಿನ ಮೇಲೂ, ಟೆಲಿಸ್ಕೋಪಿನ ಸಂಖ್ಯೆಯನ್ನು ಬಟ್ಟಿನ ಕುತ್ತಿಗೆಯ ಮರದ ಮೇಲೂ ಒತ್ತುತ್ತಿದ್ದರು. ಟೆಲಿಸ್ಕೋಪ್ ಬದಲಾದಾಗ ಹಳೆಯ ಸಂಖ್ಯೆಗೆ ಗೀಟು ಹಾಕಿ ಹೊಸದನ್ನು ಒತ್ತಿರುವುದೂ ಇದೆ. ಅದು ಸೇನೆಯ ದುರಸ್ತಿಯ ಗುರುತೇ ಹೊರತು ಮೋಸದ್ದಲ್ಲ.

ಸಂಖ್ಯೆಗಳು ತಾಳೆಯಾಗದ ಮಾತ್ರಕ್ಕೆ ರೈಫಲ್ ನಕಲಿಯಾಗುವುದಿಲ್ಲ. ಯುದ್ಧ ಮುಗಿದ ಮೇಲೆ ಎಷ್ಟೋ ರೈಫಲ್‌ಗಳನ್ನು ಟೆಲಿಸ್ಕೋಪ್ ಬಿಚ್ಚಿ ಮಾರಲಾಯಿತು. ಬಟ್ಟು ಮುರಿದಾಗ ಬೇರೆ ಹಾಕಿದ್ದರಿಂದ ‘ಎಸ್51’ ಕೂಡ ಅಳಿದಿರಬಹುದು. 1970ರಲ್ಲಿ ಬಳಕೆಗೆ ಬಂದ 7.62 ಮಿ.ಮೀ. ಎಲ್42ಎ1 ಸ್ನೈಪರ್ ರೈಫಲನ್ನೂ ಹಳೆಯ ನಂ. 4 (ಟಿ)ಗಳಿಂದಲೇ ಮಾಡಲಾಯಿತು. ಆದಕಾರಣ ಪರೀಕ್ಷಕರು ಒಂದೇ ಗುರುತನ್ನು ನೆಚ್ಚದೆ ಉಕ್ಕು, ಮರ, ಟೆಲಿಸ್ಕೋಪ್ ಮೂರನ್ನೂ ಒಟ್ಟಿಗೆ ನೋಡುತ್ತಾರೆ. ಮೂರರ ಗುರುತುಗಳೂ ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ರೈಫಲನ್ನು ಪೂರ್ಣ ಅಸಲಿ ಜೋಡಿ ಎನ್ನುತ್ತಾರೆ.